ಪುಟ್ಟನ ಕೈಬರಹ ನೋಡಿದ ಮೇಲೆ

ಚಿ. ಸೌ. ಮಗಳೇ,
ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ನೋಟ್‌ಬುಕ್ಕಿನ ಫೋಟೋ ದೊಡ್ಡದು ಮಾಡಿ ನೋಡಿದೆ. ಅಕ್ಷರಗಳು ಗೆರೆ ಬಿಟ್ಟು ಮೇಲೇರಿವೆ, ಒತ್ತಕ್ಷರ ಕೆಳಗಿನ ಸಾಲಿನ ತಲೆ ಮೇಲೆ ಕೂತಿದೆ, ಒಂದು ಕಡೆಯಂತೂ ಪೆನ್ಸಿಲ್ ಒತ್ತಿ ಹಾಳೆಯೇ ಹರಿದಿದೆ. ಸೋಮಾರಿಯ ಬರಹ ಹೀಗಿರುವುದಿಲ್ಲ ಕಣೇ. ಪಾಪ, ಮಗು ಹೆಣಗಾಡಿದೆ.

ಟೀಚರಾಗಿದ್ದಾಗ ಇಂಥ ಮಕ್ಕಳಿಂದ ಹತ್ತು ಪುಟ ಕಾಪಿ ಬರೆಸಿದವಳೇ ನಾನು. ಐದನೇ ಪುಟಕ್ಕೆ ಅಕ್ಷರ ಮೊದಲಿಗಿಂತ ಕೆಟ್ಟಿರುತ್ತಿತ್ತು. ಆಗಲೂ ನನಗೆ ಹೊಳೆಯಲಿಲ್ಲ. ಬರೆಯುವಾಗ ತಲೆ ಯೋಚಿಸಬೇಕು, ಕೈ ಅಕ್ಷರ ಮೂಡಿಸಬೇಕು. ನಮಗೆ ಕೈಕೆಲಸ ತಾನಾಗಿ ಆಗುತ್ತದೆ. ಡಿಸ್‌ಗ್ರಾಫಿಯಾ (ಬರೆಯುವುದರಲ್ಲೇ ಇರುವ ತೊಡಕು) ಇರುವ ಮಗುವಿನ ಗಮನವೆಲ್ಲ ಅದಕ್ಕೇ ಖರ್ಚಾಗಿ, ಹೇಳಬೇಕಾದ್ದು ಅರ್ಧಕ್ಕೇ ಮರೆತುಹೋಗುತ್ತದೆ. ಪುಟ್ಟನಿಗೂ ಅದೇ ಇದೆ ಅಂತ ನಾನು ಹೇಳಲಾರೆ. ಮೊದಲು ಕಣ್ಣು ತೋರಿಸು, ಆಮೇಲೆ ಆಕ್ಯುಪೇಶನಲ್ ಥೆರಪಿಸ್ಟ್ (ಬರೆಯುವುದು, ಗುಂಡಿ ಹಾಕುವುದು ಇಂಥ ದಿನನಿತ್ಯದ ಕೆಲಸ ರೂಢಿ ಮಾಡಿಸುವ ತಜ್ಞರು) ಹತ್ತಿರ ಕರೆದುಕೊಂಡು ಹೋಗು.

ಅಲ್ಲಿಯವರೆಗೆ ಯೋಚಿಸುವ ಕೆಲಸ, ಅಕ್ಷರ ಮೂಡಿಸುವ ಕೆಲಸ ಎರಡನ್ನೂ ಬೇರೆ ಬೇರೆ ಮಾಡು. ಪ್ರಬಂಧ ಬರೆಯುವ ದಿನ ಫೋನಿನ ಕೀಬೋರ್ಡಿನ ಮೈಕ್ ಒತ್ತಿ ಅವನ ಕೈಗೆ ಕೊಡು, ಬಾಯಲ್ಲಿ ಹೇಳಲಿ. ಫೋನು ಕೆಲವು ಪದ ತಪ್ಪಾಗಿ ಕೇಳಿಸಿಕೊಳ್ಳುತ್ತದೆ, ಪೂರ್ಣವಿರಾಮವಿಲ್ಲದೆ ಉದ್ದಕ್ಕೆ ಬರೆದುಕೊಂಡು ಹೋಗುತ್ತದೆ. ಅದನ್ನು ನೀನು ಸರಿಮಾಡಬೇಡ. ಬರೆದದ್ದನ್ನು ಫೋನಿನಿಂದಲೇ ಓದಿಸು. ಕಣ್ಣಿಗೆ ಬೀಳದ ತಪ್ಪು ಕಿವಿಗೆ ಬೀಳುತ್ತದೆ. ಎಲ್ಲಿ ಉಸಿರು ನಿಲ್ಲಬೇಕೋ ಅಲ್ಲಿ ಅವನೇ ಚುಕ್ಕೆ ಇಡಲಿ. ವಾಕ್ಯ ಕಟ್ಟುವುದು ಹಾಗೇ ಬರುತ್ತದೆ.

ಟೈಪಿಂಗ್ ಕಲಿಸು, ಆದರೆ ಆತುರ ಬೇಡ. ಒಂದೊಂದೇ ಕೀ ಹುಡುಕುವವನಿಗೆ ಅದು ಪೆನ್ಸಿಲ್ಲಿಗಿಂತ ನಿಧಾನ. ದಿನಕ್ಕೆ 10–15 ನಿಮಿಷ, ಕೆಲವು ತಿಂಗಳು ಬಿಡದೆ ಮಾಡಿಸು. ಒಂದು ಮಜಾ ನೋಡು: 'ರಾಷ್ಟ್ರ' ಬರೆಯುವಾಗ 'ಷ'ದ ಕೆಳಗೆ ಎರಡೆರಡು ಒತ್ತು ಪೇರಿಸಿ ಅವನು ಒದ್ದಾಡುತ್ತಾನಲ್ಲ, ಟೈಪ್ ಮಾಡುವಾಗ ಷ, ಟ, ರ ಬಾಯಲ್ಲಿ ಬರುವ ಕ್ರಮದಲ್ಲೇ ಬರುತ್ತವೆ, ನಡುನಡುವೆ ಅರ್ಧಾಕ್ಷರದ ಕೀ ಒತ್ತಿದರಾಯಿತು. ಪೇರಿಸುವ ಕಷ್ಟ ಯಂತ್ರದ್ದು.

ಅಕ್ಷರ ತಿದ್ದಿಸುವ ಆ್ಯಪ್‌ಗಳ ಮೇಲೆ ನನಗಷ್ಟು ನಂಬಿಕೆಯಿಲ್ಲ. ಗಾಜು ಜಾರುತ್ತದೆ, ಬೆರಳು ಪೆನ್ಸಿಲ್ ಅಲ್ಲ; ಕೆಲವು ಆ್ಯಪ್ ತಲೆಕೆಳಗಾಗಿ ಎಳೆದರೂ ನಕ್ಷತ್ರ ಕೊಟ್ಟುಬಿಡುತ್ತವೆ! ಗೆರೆ ಎಲ್ಲಿಂದ ಶುರುವಾಗಬೇಕು ಅಂತ ಅದರಲ್ಲಿ ನೋಡಲಿ, ತಿದ್ದುವುದು ಕಾಗದದ ಮೇಲೇ ಆಗಲಿ. ದಿನಕ್ಕೆ ಐದು ನಿಮಿಷ, ಮೂರೇ ಅಕ್ಷರ, ಅಗಲ ಗೆರೆಯ ಹಾಳೆ. ಕೈಬರಹ ಪೂರ್ತಿ ಬಿಡಿಸಬೇಡ. ಕೈಯಾರೆ ಬರೆದರೆ ಅಕ್ಷರದ ಗುರುತು ಗಟ್ಟಿಯಾಗುತ್ತದೆ, ಓದಿಗೂ ಒಳ್ಳೆಯದು.

ಫೋನು ಕೊಟ್ಟರೆ ಆಟಕ್ಕೆ ಹೋಗುತ್ತಾನೆ ಅಂದೆಯಲ್ಲ, ನಿಜವೇ. ಒಂದೇ ಆ್ಯಪ್‌ನಲ್ಲಿ ನಿಲ್ಲಿಸುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ, ಹುಡುಕು.

ಟೀಚರ್ ಹತ್ತಿರ ಜಗಳಕ್ಕೆ ಹೋಗಬೇಡ. ಬೋರ್ಡಿನ ಮೇಲಿರುವುದನ್ನು ಫೋಟೋ ತೆಗೆದುಕೊಳ್ಳಲು ಬಿಡಿ, ಉತ್ತರಕ್ಕೂ ಅಕ್ಷರಕ್ಕೂ ಬೇರೆ ಬೇರೆ ಅಂಕ ಕೊಡಿ ಅಂತ ಕೇಳು. ಅವನ ಮಾತಿನಲ್ಲಿ ಟೈಪಾದ ಒಂದು ಪುಟ ಜೊತೆಗೆ ತೋರಿಸು.

ಮೊನ್ನೆ ಫೋನಿನಲ್ಲಿ ಅಳಿಲಿನ ಕಥೆ ಹೇಳುತ್ತಿದ್ದ, ಅರ್ಧಕ್ಕೇ ಲೈನ್ ಕಟ್ಟಾಯಿತು. ಮಿಕ್ಕಿದ್ದನ್ನು ಮೈಕಿಗೆ ಹೇಳಿ ಕಳಿಸಲಿ. ತಿದ್ದದೆ ಕಳಿಸು.

ಇಂತಿ,
ನಿನ್ನ ದೊಡ್ಡಮ್ಮ