ಏರ್ ಬೋರ್ಡನ್ನು ಬೈಯುವ ಮೊದಲು

ಕ್ಯಾಲಿಫೋರ್ನಿಯಾ ವಿಧಾನಸಭೆಯ ನಮ್ಮ ಕ್ಷೇತ್ರದ ಸದಸ್ಯರಿಗೆ,

ನಮಸ್ಕಾರ. ಪೆಟ್ರೋಲ್ ಬೆಲೆಯ ಮಾತು ಬಂದಾಗಲೆಲ್ಲ ನಿಮ್ಮಲ್ಲಿ ಹಲವರು ಏರ್ ಬೋರ್ಡ್, ಅಂದರೆ ವಾಯುಮಾಲಿನ್ಯದ ನಿಯಮ ಮಾಡುವ ನಮ್ಮ ರಾಜ್ಯದ ಮಂಡಳಿಯ ಕಡೆ ಬೆರಳು ತೋರಿಸುತ್ತೀರಿ. ಆ ಬೋರ್ಡ್‌ಗೆ ಅಧಿಕಾರ ಕೊಟ್ಟವರು ಯಾರು? 2006ರಲ್ಲಿ ಎಬಿ 32 ಎಂಬ ಹವಾಮಾನ ಕಾನೂನನ್ನು ಪಾಸು ಮಾಡಿದ್ದು ನಿಮ್ಮ ಸದನವೇ ಅಲ್ವಾ? 2020ರೊಳಗೆ ಹಸಿರುಮನೆ ಅನಿಲಗಳನ್ನು 1990ರ ಮಟ್ಟಕ್ಕೆ ಇಳಿಸಿ, ಹೇಗೆ ಅನ್ನೋದನ್ನು ನೀವೇ ನೋಡಿಕೊಳ್ಳಿ ಎಂದು ಹೆಚ್ಚುಕಡಿಮೆ ಎಲ್ಲವನ್ನೂ ಬೋರ್ಡ್‌ಗೇ ಬಿಟ್ಟಿರಿ.

2024ರ ನವೆಂಬರ್ 8ರಂದು ಏನಾಯಿತು ನೋಡಿ. ವಾಹನ ಇಂಧನದ ಇಂಗಾಲ ತಗ್ಗಿಸುವ ನಿಯಮವನ್ನು ಬೋರ್ಡ್ 12-2 ಮತಗಳಿಂದ ಬಿಗಿ ಮಾಡಿತು. 2030ಕ್ಕೆ ಶೇ 30, 2045ಕ್ಕೆ ಶೇ 90 ಕಡಿತ. ಇದರಿಂದ ಗ್ಯಾಲನ್‌ಗೆ 47 ಸೆಂಟ್ ಏರಬಹುದು ಎಂದು ಬೋರ್ಡೇ 2023ರಲ್ಲಿ ಅಂದಾಜು ಮಾಡಿತ್ತು. ಆಮೇಲೆ ಆ ಅಂಕಿಯನ್ನು ನಂಬಬೇಡಿ ಎಂದಿತು. ಹಾಗಾದರೆ ಯಾವುದನ್ನು ನಂಬಬೇಕಿತ್ತು? ಅಲ್ಲಿ ಮತ ಹಾಕುವ 14 ಜನರಲ್ಲಿ 12 ಮಂದಿ ಗವರ್ನರ್ ನೇಮಿಸಿದವರು. ಶಾಸಕರೂ ಇಬ್ಬರು ಕೂರುತ್ತಾರೆ, ಆದರೆ ಅವರಿಗೆ ಮತವೇ ಇಲ್ಲ. ಸುಮ್ನೆ ಕೂರೋದಷ್ಟೇ.

ಹಾಗಂತ ಇಡೀ ನಿಯಮವನ್ನು ಕಿತ್ತುಕೊಂಡು ಸದನಕ್ಕೆ ತರಬೇಡಿ. ಈ ನಿಯಮದಲ್ಲಿ ಪ್ರತಿ ಇಂಧನಕ್ಕೂ ಒಂದು ಅಂಕ ಇದೆ: ಒಂದು ಮೆಗಾಜೌಲ್ (ಶಕ್ತಿಯ ಅಳತೆ) ಶಕ್ತಿಗೆ ಎಷ್ಟು ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಅಂತ. ಡೀಸೆಲ್ ಅದೇ ಇರಬಹುದು, ಸೋಯಾ ಎಣ್ಣೆಯಿಂದ ಮಾಡಿದರೆ ಒಂದು ಅಂಕ, ಕರಿದು ಉಳಿದ ಎಣ್ಣೆಯಿಂದ ಮಾಡಿದರೆ ಇನ್ನೊಂದು. ಇದನ್ನು ಲೆಕ್ಕ ಹಾಕೋದು ಎಂಜಿನಿಯರುಗಳ ಕೆಲಸ. ಸದನದಲ್ಲಿ ಇದಕ್ಕೆ ಮತ ಹಾಕಲು ಹೊರಟರೆ ಒಂದೊಂದು ಎಣ್ಣೆಗೂ ಒಂದೊಂದು ಲಾಬಿ ನಿಮ್ಮ ಬಾಗಿಲಲ್ಲಿ ನಿಂತಿರುತ್ತದೆ.

ನಿಮ್ಮ ಕೆಲಸ ಬೇರೆ. ಜನರ ಜೇಬಿಗೆ ಎಷ್ಟು ಹೊರೆ ಹಾಕಬಹುದು ಎಂದು ತೀರ್ಮಾನಿಸೋದು. ಇದು ಹೊಸದೇನಲ್ಲ. 2017ರಲ್ಲಿ ಕ್ಯಾಪ್ ಅಂಡ್ ಟ್ರೇಡ್ (ಕಂಪನಿಗಳು ಹಸಿರುಮನೆ ಅನಿಲ ಬಿಡಲು ಪರವಾನಗಿ ಹೊಂದಿರಬೇಕಾದ ವ್ಯವಸ್ಥೆ) ಮುಂದುವರಿಸಿದಾಗ, ಆ ಪರವಾನಗಿಯ ಬೆಲೆಗೆ ಒಂದು ಮೇಲ್ಮಿತಿ ಇರಲೇಬೇಕು ಎಂದು ಸದನ ಕಾನೂನಿನಲ್ಲೇ ಬರೆಯಿತು. ಮಿತಿ ಎಷ್ಟು ಅನ್ನೋದನ್ನು ಬೋರ್ಡ್‌ಗೆ ಬಿಟ್ಟಿತು.

ಪಕ್ಕದ ಒರೆಗಾನ್ ದಾಟಿ ವಾಷಿಂಗ್ಟನ್ ರಾಜ್ಯವನ್ನೂ ನೋಡಿ. 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಪರಿಸರ ಇಲಾಖೆಗೆ ಇಷ್ಟು ಅಧಿಕಾರ ಇಲ್ಲ ಎಂದು ಅದು ಮಾಡಿದ್ದ ಹಸಿರುಮನೆ ಅನಿಲ ನಿಯಮದ ದೊಡ್ಡ ಭಾಗವನ್ನೇ ತೆಗೆದುಹಾಕಿತು. 2021ರಲ್ಲಿ ಶಾಸಕರೇ ಕಾನೂನು ಮಾಡಿದರು. 2024ರಲ್ಲಿ ಅದನ್ನು ರದ್ದು ಮಾಡೋಣವೇ ಎಂದು ಕೇಳಿದಾಗ ಜನ ಬೇಡ ಎಂದರು.

ನಾನು ಕೇಳೋದು ಇಷ್ಟೇ. ಬೋರ್ಡ್ ಮತ ಹಾಕುವ ಮೊದಲು ಗ್ಯಾಲನ್ ಲೆಕ್ಕದಲ್ಲಿ ಖರ್ಚನ್ನು ಪ್ರಕಟಿಸಬೇಕು, ಅದು ಸದನ ಹಾಕಿದ ಮಿತಿ ದಾಟಿದರೆ ನಿಯಮ ಸದನಕ್ಕೆ ಮರಳಬೇಕು ಎಂದು ಒಂದು ಮಸೂದೆ ತನ್ನಿ. ಆಗ ಹೌದು ಅನ್ನಿ, ಇಲ್ಲ ಅನ್ನಿ, ನಿಮ್ಮ ಹೆಸರಿನ ಮುಂದೆ ಅದು ದಾಖಲಾಗಲಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ