ರೀಲೋ ಡಿಜಿಟಲ್ಲೋ: ಅಣ್ಣನ ಮಗನಿಗೊಂದು ಪತ್ರ

ಚಿ. ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ರೀಲ್ ಕ್ಯಾಮೆರಾ ಕೊಳ್ಳಲೋ ಡಿಜಿಟಲ್ಲೋ ಎಂದು ಕೇಳಿದ್ದೀಯ. ಮೊದಲು ಡಿಜಿಟಲ್ ತಗೋ. ಆದರೆ ನಾಳೆ ರೀಲ್ ಬಾಡಿ (ಲೆನ್ಸ್ ಇಲ್ಲದ ಬರಿಯ ಕ್ಯಾಮೆರಾ) ಕೊಂಡರೆ ಅದೇ ಲೆನ್ಸ್ ಅದಕ್ಕೂ ಕೂರುವಂಥದ್ದನ್ನು ತಗೋ.

ಬಣ್ಣ ಚೆಂದ, ಗ್ರೇನ್ (ರೀಲ್ ಚಿತ್ರದ ಹರಳು ಹರಳು ನೋಟ) ಚೆಂದ ಎಂಬ ವಾದ ಆಮೇಲಿನದು. ಕಲಿಯುವವನಿಗೆ ತನ್ನ ತಪ್ಪು ಎಷ್ಟು ಬೇಗ ಕಣ್ಣಿಗೆ ಬೀಳುತ್ತದೆ ಎಂಬುದೇ ಮುಖ್ಯ. ಡಿಜಿಟಲ್‌ನಲ್ಲಿ ಶಟರ್ (ಬೆಳಕಿಗೆ ತೆರೆದು ಮುಚ್ಚುವ ಪರದೆ) ವೇಗ 1/15 ಸೆಕೆಂಡಿಗೆ ಇಳಿದು ಚಿತ್ರ ಅಲುಗಿದರೆ ಅಲ್ಲೇ ಪರದೆಯಲ್ಲಿ ಗೊತ್ತಾಗುತ್ತದೆ. ಶಟರ್ ವೇಗ, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯ ಅಳತೆ) ಎಲ್ಲ ಫೈಲಿನಲ್ಲೇ ದಾಖಲಾಗಿರುತ್ತವೆ. ರೀಲಿನಲ್ಲಿ 36 ಫ್ರೇಮ್ ಮುಗಿಸಿ, ತೊಳೆಸಿ ತರುವಷ್ಟರಲ್ಲಿ ಹದಿನೇಳನೆಯದಕ್ಕೆ ಏನು ಇಟ್ಟಿದ್ದೆ ಎಂಬುದೇ ಮರೆತಿರುತ್ತದೆ. ದುಡ್ಡಿನ ಲೆಕ್ಕವನ್ನು ನೀನೇ ಹಾಕು: ರೋಲಿನ ಬೆಲೆ, ತೊಳೆಯುವ ಕೂಲಿ, ಸ್ಕ್ಯಾನಿಂಗ್ ಮೂರನ್ನೂ ಕೂಡಿಸಿ 36ರಿಂದ ಭಾಗಿಸು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರು ‘ಇಂದು’ ರೋಲ್ ಮಾಡುತ್ತಿದ್ದ ಕಾಲ ಹೋಯಿತು. ಈಗಿನ ಕೊಡಾಕ್, ಇಲ್ಫರ್ಡ್ ಎಲ್ಲ ಹಡಗು, ವಿಮಾನ ಹತ್ತಿ ಬರುವವು.

ಸೆಕೆಂಡ್ ಹ್ಯಾಂಡ್ ನಿಕಾನ್ ಡಿ7100 ಬಾಡಿ, ಜೊತೆಗೆ ಎಎಫ್ 50 ಎಂಎಂ ಎಫ್/1.8ಡಿ ಲೆನ್ಸ್ ಹುಡುಕು. ಲೆನ್ಸಿನ ಹೆಸರಿನ ಕೊನೆಯ ‘ಡಿ’ಯಲ್ಲೇ ಗುಟ್ಟಿದೆ. ಇದಕ್ಕೆ ಅಪರ್ಚರ್ ಉಂಗುರ ಇದೆ, ಹಾಗಾಗಿ ನಿಕಾನ್‌ನ ಹಳೆಯ ರೀಲ್ ಕ್ಯಾಮೆರಾ ಎಫ್‌ಎಂ2 ಮೇಲೂ ಪೂರ್ತಿ ಕೆಲಸ ಮಾಡುತ್ತದೆ. ಉಂಗುರವಿಲ್ಲದ ‘ಜಿ’ ಲೆನ್ಸ್ ಕೊಂಡರೆ ಎಫ್‌ಎಂ2 ಮೇಲೆ ಅಪರ್ಚರ್ ಅತಿ ಕಿರಿದಕ್ಕೆ ನಿಂತುಬಿಡುತ್ತದೆ, ತೆರೆಯಲು ದಾರಿಯಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಡಿ3500, ಡಿ5600 ಕಡೆ ಹೋಗಬೇಡ; ಅವುಗಳ ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ, ಈ ಲೆನ್ಸನ್ನು ಕೈಯಲ್ಲೇ ತಿರುಗಿಸಬೇಕಾಗುತ್ತದೆ. ಡಿ7100ಗೆ ಹಾಕಿದಾಗ ಉಂಗುರವನ್ನು 22ಕ್ಕೆ ತಿರುಗಿಸಿ ಪಕ್ಕದ ಲಾಕ್ ಹಾಕು. ಇಲ್ಲವಾದರೆ ಪರದೆಯಲ್ಲಿ ‘ಎಫ್‌ಇಇ’ ಎಂದು ಮಿನುಗುತ್ತದೆ, ಕ್ಲಿಕ್ ಆಗುವುದಿಲ್ಲ. ಕ್ಯಾಮೆರಾ ಕೆಟ್ಟಿತೆಂದು ರಿಪೇರಿಗೆ ಓಡುವವರೂ ಉಂಟು.

ಡಿ7100 ಶಟರನ್ನು 1,50,000 ಕ್ಲಿಕ್‌ವರೆಗೆ ಪರೀಕ್ಷಿಸಿದ್ದಾರೆ. ಅಂಗಡಿಯಲ್ಲೇ ಒಂದು ಫೋಟೋ ತೆಗೆದು, ಆ ಫೈಲಿನಿಂದ ಶಟರ್ ಎಣಿಕೆ ನೋಡು. ಸೆನ್ಸರಿನ (ಒಳಗೆ ಚಿತ್ರ ಹಿಡಿಯುವ ಫಲಕದ) ಧೂಳು ತಿಳಿಯಲು ಅಪರ್ಚರನ್ನು ಎಫ್/16ಕ್ಕೆ ಇಟ್ಟು ಬರಿಯ ಆಕಾಶ ತೆಗೆದು ಹಿಗ್ಗಿಸಿ ನೋಡು, ಇದ್ದರೆ ಮಸುಕು ಚುಕ್ಕೆಗಳು ಕಾಣುತ್ತವೆ. ಲೆನ್ಸಿನ ಒಳಗೆ ಮೊಬೈಲ್ ಟಾರ್ಚ್ ಬಿಟ್ಟಾಗ ಜೇಡರಬಲೆಯಂಥ ಎಳೆ ಕಂಡರೆ ಅದು ಫಂಗಸ್, ಬೇಡ ಅನ್ನು. ನಿಮ್ಮ ಕರಾವಳಿಯ ಮಳೆಗಾಲಕ್ಕೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಬೇಕೇ ಬೇಕು. ಚರ್ಮದ ಚೀಲದಲ್ಲಿ ಇಡಬೇಡ, ಅದು ತೇವ ಹಿಡಿದುಕೊಳ್ಳುತ್ತದೆ.

ಆರೆಂಟು ತಿಂಗಳಾದ ಮೇಲೂ ರೀಲಿನ ಆಸೆ ಉಳಿದಿದ್ದರೆ ಎಫ್‌ಎಂ2 ನೋಡು. ಹಿಂಬಾಗಿಲು ತೆಗೆದು ಅಂಚಿನ ಕಪ್ಪು ಸ್ಪಂಜನ್ನು ಮುಟ್ಟು: ಡಾಂಬರಿನ ಹಾಗೆ ಅಂಟಿದರೆ ಬೆಳಕು ಸೋರುತ್ತದೆ. ಸ್ಪಂಜ್ ಬದಲಿಸಬಹುದು, ಆದರೆ ಬೆಲೆಯಲ್ಲಿ ಇಳಿಸಿಕೋ. ಶಟರಿನ ಎಲೆಗಳು ತೀರ ತೆಳು. ಬೆರಳು ತಾಗಿಸಬೇಡ, ಎಣ್ಣೆ ಕಲೆ, ತಗ್ಗು ಇದೆಯೇ ಎಂದಷ್ಟೇ ನೋಡು. 1 ಸೆಕೆಂಡಿಗೆ ಇಟ್ಟು ಕ್ಲಿಕ್ ಮಾಡಿದಾಗ ಶಟರ್ ಹೆಚ್ಚು ಹೊತ್ತು ಎಳೆದರೆ, ಸಿಕ್ಕಿಕೊಂಡರೆ ಒಳಗೆ ಗ್ರೀಸ್ ಒಣಗಿದೆ ಎಂದರ್ಥ. ಸೆಲ್ ಬೇಕಿರುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ, ಶಟರ್ ಅದಿಲ್ಲದೆಯೂ ನಡೆಯುತ್ತದೆ.

ಹೆಚ್ಚಿನ ರೋಲ್ ಹಾಳಾಗುವುದು ಹಾಕುವಾಗಲೇ. ರೀಲಿನ ತುದಿಯನ್ನು ಬಲಗಡೆ ಸ್ಪೂಲಿನ ಸೀಳಿಗೆ ಸಿಕ್ಕಿಸಿ, ಮೇಲಿನ ಕೆಳಗಿನ ಎರಡೂ ಸಾಲಿನ ಹಲ್ಲುಗಳು ರಂಧ್ರಗಳಲ್ಲಿ ಕೂರುವವರೆಗೆ ಲಿವರ್ ಎಳೆ, ಆಮೇಲೆ ಬಾಗಿಲು ಮುಚ್ಚು. ಎಡಗಡೆಯ ರಿವೈಂಡ್ ಹಿಡಿಯನ್ನು ಬಾಣದ ದಿಕ್ಕಿನಲ್ಲಿ ಮೆಲ್ಲಗೆ ತಿರುಗಿಸಿ ಸಡಿಲ ತೆಗೆ. ಇನ್ನು ಲಿವರ್ ಎಳೆದಾಗಲೆಲ್ಲ ಆ ಹಿಡಿ ತಾನೇ ತಿರುಗಬೇಕು. ತಿರುಗದಿದ್ದರೆ ರೀಲ್ ಓಡುತ್ತಿಲ್ಲ. ಎಣಿಕೆ 20 ತೋರಿಸಿದರೂ ತೆಗೆದ ಫ್ರೇಮ್ ಸೊನ್ನೆ. ಮುಗಿದ ಮೇಲೆ ತಳದ ಗುಂಡಿ ಒತ್ತಿಯೇ ರೀಲನ್ನು ಡಬ್ಬಿಗೆ ವಾಪಸು ಸುತ್ತು. ಗುಂಡಿ ಮರೆತು ಬಲವಂತ ಮಾಡಿದರೆ ರಂಧ್ರಗಳು ಹರಿಯುತ್ತವೆ.

ಬೆಳಕಿನ ವಿಷಯದಲ್ಲಿ ಎರಡರ ಗುಣ ತಲೆಕೆಳಗು. ಡಿಜಿಟಲ್‌ನಲ್ಲಿ ಬಿಳುಪು ಸುಟ್ಟುಹೋದರೆ ವಾಪಸು ಬರುವುದಿಲ್ಲ, ಕತ್ತಲನ್ನು ಮಾತ್ರ ರಾ ಫೈಲಿನಿಂದ (ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ಫೈಲ್) ಎತ್ತಬಹುದು. ಬಿಸಿಲಲ್ಲಿ ಬಿಳಿ ಪಂಚೆ ಇದ್ದರೆ ಅರ್ಧ ಸ್ಟಾಪ್ ಇಳಿಸು (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು ಇಲ್ಲವೇ ಅರ್ಧ ಆಗುವುದು). ನೆಗೆಟಿವ್ ಹಾಗಲ್ಲ: ಒಂದೆರಡು ಸ್ಟಾಪ್ ಹೆಚ್ಚಾದರೂ ತಾಳಿಕೊಳ್ಳುತ್ತದೆ, ಕಡಿಮೆಯಾದರೆ ನೆರಳಿನ ಜಾಗದಲ್ಲಿ ಏನೂ ಇರುವುದಿಲ್ಲ. ಬಿಳಿ ಆಕಾಶ ಮೀಟರನ್ನು ಮೋಸಗೊಳಿಸುತ್ತದೆ. ಅದೇ ಬೆಳಕಿನಲ್ಲಿ ಅಂಗೈಯನ್ನು ಅಳೆದು ಒಂದು ಸ್ಟಾಪ್ ಹೆಚ್ಚು ಕೊಡು. ರಾತ್ರಿಯ ಯಕ್ಷಗಾನಕ್ಕೆ ಮಾತ್ರ ರೀಲ್ ಒಯ್ಯಲೇಬೇಡ. ದೀಪ ಬದಲಾದಂತೆ ಐಎಸ್‌ಒ (ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ) ಬದಲಿಸಲು ಬರುವುದಿಲ್ಲ, ಕುಣಿಯುವ ವೇಷ 400ರ ರೋಲಿಗೆ ನಿಲ್ಲುವುದೂ ಇಲ್ಲ.

ಲ್ಯಾಬಿಗೆ ಕೊಡುವಾಗ ನೆಗೆಟಿವ್ ವಾಪಸು ಬೇಕೆಂದು ಕವರಿನ ಮೇಲೆಯೇ ಬರೆಸು. ವಿಮಾನದಲ್ಲಿ ಹೋಗುವೆಯಾದರೆ ರೋಲನ್ನು ಚೆಕ್-ಇನ್ ಬ್ಯಾಗಿಗೆ ಹಾಕದೆ ಕೈಯಲ್ಲಿಟ್ಟುಕೊಂಡು, ಕೈತಪಾಸಣೆ ಮಾಡಿ ಎಂದು ಕೇಳು. ಹೊಸ ಸಿಟಿ ಸ್ಕ್ಯಾನರ್‌ಗಳು ರೋಲನ್ನು ಮಸುಕು ಮಾಡುತ್ತವೆ.

ಅಂಗಡಿಗೆ ಹೋಗುವ ದಿನ ಜೇಬಿನಲ್ಲಿ ಖಾಲಿ ಎಸ್‌ಡಿ ಕಾರ್ಡ್ ಇರಲಿ. ಎಫ್‌ಎಂ2 ನೋಡುವ ದಿನವಾದರೆ ಎರಡು ಎಲ್‌ಆರ್44 ಸೆಲ್. ಅಣ್ಣನಿಗೂ ಅತ್ತಿಗೆಗೂ ನನ್ನ ನಮಸ್ಕಾರ ತಿಳಿಸು.

ನಿನ್ನ ಅತ್ತೆ