ಉಪ್ಪರಿಗೆಯ ಹಲಗೆ ಬಿಗಿ ಮಾಡದೆ ಕಾರ್ಪೆಟ್ ಹಾಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ನೆಲಹಾಸು ವಿಭಾಗ,
ಶಿವಮೊಗ್ಗ.

ವಿಷಯ: ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಹಣ ಪಡೆದೂ ಮಾಡದೆ ಬಿಟ್ಟ ಕೆಲಸದ ಕುರಿತು.

ಮಾನ್ಯರೇ,

ಕಳೆದ ಅಕ್ಟೋಬರ್ ಕೊನೆಯಲ್ಲಿ ನಿಮ್ಮ ಸಂಸ್ಥೆಯವರು ನಮ್ಮ ಮನೆಯ ಉಪ್ಪರಿಗೆಯ ಕೋಣೆಗಳಿಗೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿಕೊಟ್ಟರು. ಕಾರ್ಪೆಟ್ಟಿನ ಗುಣಮಟ್ಟದ ಬಗ್ಗೆ ನನ್ನ ತಕರಾರಿಲ್ಲ. ಅದರ ಅಡಿಯಲ್ಲಿ ಆಗಬೇಕಿದ್ದ ಕೆಲಸ ಆಗಿಲ್ಲ.

ನೀವೇ ಕೊಟ್ಟ ಅಂದಾಜುಪಟ್ಟಿಯ ಮೊದಲ ಸಾಲು "ಹಳೆಯ ಹಲಗೆಗಳನ್ನು ಸ್ಕ್ರೂ ಹಾಕಿ ಬಿಗಿಗೊಳಿಸುವುದು" ಎಂದಿದೆ. ಅದಕ್ಕೆ ಬೇರೆಯಾಗಿಯೇ ದರ ಹಾಕಿ, ಬಿಲ್ಲಿನಲ್ಲಿ ಪೂರ್ತಿ ಹಣ ಪಡೆದಿದ್ದೀರಿ. ಅಳತೆಗೆ ಬಂದವರಿಗೆ ನಾನು ಸದ್ದು ಬರುವ ಕಡೆಗಳಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ ತೋರಿಸಿ, ಮೊದಲು ಇದನ್ನು ಸರಿಮಾಡಿ, ಆಮೇಲೆ ಹಾಸಿ ಎಂದಿದ್ದೆ. ಕೆಳಗಿನ ಕೋಣೆಯಲ್ಲಿ ವಯಸ್ಸಾದ ನಮ್ಮ ತಂದೆ ಮಲಗುತ್ತಾರೆ. ರಾತ್ರಿ ಮೇಲೆ ಯಾರಾದರೂ ಎದ್ದು ಓಡಾಡಿದರೆ ಅವರಿಗೆ ಎಚ್ಚರವಾಗುತ್ತದೆ. ನಾವು ಈ ಖರ್ಚಿಗೆ ಮುಂದಾದದ್ದೇ ಅದಕ್ಕಾಗಿ.

ಹಾಸುವ ದಿನ ನಿಮ್ಮ ಕೆಲಸಗಾರರು ನಾಲ್ಕು ಹೆಜ್ಜೆ ನಡೆದು ನೋಡಿ, "ಅಂಥ ಸದ್ದೇನೂ ಇಲ್ಲವಲ್ಲ, ಇರುವಷ್ಟೂ ಕಾರ್ಪೆಟ್ ಹಾಕಿದ ಮೇಲೆ ಕೇಳಿಸುವುದಿಲ್ಲ" ಎಂದರು. ಮಲೆನಾಡಿನ ಮರದ ಮನೆ ಗೊತ್ತಿರುವ ಯಾರೂ ಈ ಮಾತು ಆಡುವುದಿಲ್ಲ. ಮಳೆಗಾಲ ಮುಗಿದ ಹೊಸತರಲ್ಲಿ ತೇವ ಕುಡಿದ ಹಲಗೆ ಉಬ್ಬಿ ಒಂದಕ್ಕೊಂದು ಒತ್ತಿಕೊಂಡಿರುತ್ತದೆ, ಸದ್ದು ತಾನಾಗಿಯೇ ಅಡಗಿರುತ್ತದೆ. ಬಿಸಿಲು ಏರಿದಂತೆ ಮರ ಒಣಗಿ ಕುಗ್ಗುತ್ತದೆ, ಮೊಳೆಯ ಹಿಡಿತ ಸಡಿಲಾಗುತ್ತದೆ. ಆಗ ಕಾಲಿಟ್ಟೊಡನೆ ಹಲಗೆ ಮೊಳೆಯ ಗುಂಟ ಮೇಲೆ ಕೆಳಗೆ ಜಾರಿ ಕಿರುಗುಟ್ಟುತ್ತದೆ. ಕಾರ್ಪೆಟ್ ಹೆಜ್ಜೆಯ ಸಪ್ಪಳವನ್ನು ತಗ್ಗಿಸುತ್ತದೆ, ನಿಜ. ಆದರೆ ಕಿರುಗುಟ್ಟುವುದು ಹಲಗೆ ಮತ್ತು ತೊಲೆಯ ನಡುವೆ. ಆ ಸದ್ದು ನೇರವಾಗಿ ಕೆಳಗಿನ ಕೋಣೆಗೇ ಇಳಿಯುತ್ತದೆ. ಮೇಲೆ ಎಷ್ಟು ದಪ್ಪದ ಹಾಸು ಇದ್ದರೂ ಅದಕ್ಕೆ ತಡೆಯಿಲ್ಲ.

ಫೆಬ್ರವರಿಯಿಂದ ಆಗುತ್ತಿರುವುದು ಅದೇ. ಕಿಟಕಿಯ ಬಳಿ ಅಂಚು ಬಿಟ್ಟುಕೊಂಡಿದ್ದ ಮೂಲೆಯನ್ನು ಎತ್ತಿ ನೋಡಿದೆ. ನಾನು ಹಾಕಿದ್ದ ಸೀಮೆಸುಣ್ಣದ ಗುರುತು ಸ್ವಲ್ಪವೂ ಅಳಿಸದೆ ಹಾಗೇ ಇದೆ. ಹಳೆಯ ಮೊಳೆಯೊಂದರ ತಲೆ ಹಲಗೆಯಿಂದ ಮೇಲೆದ್ದು ನಿಂತಿದೆ. ಅದರ ಸುತ್ತ ಕಾರ್ಪೆಟ್ಟಿನ ಅಡಿಭಾಗ ಆಗಲೇ ಸವೆದಿದೆ. ಅಲ್ಲಿ ಹೊಸ ಸ್ಕ್ರೂ ಒಂದೂ ಇಲ್ಲ. ಫೋಟೋಗಳನ್ನು ಲಗತ್ತಿಸಿದ್ದೇನೆ.

ಹಾಸಿದ ಮೇಲೆ ಇದನ್ನು ಸರಿಪಡಿಸಬೇಕೆಂದರೆ ಎಲ್ಲವನ್ನೂ ಎತ್ತಬೇಕು. ಕೆಲಸದ ಅನುಕ್ರಮದ ಬಗ್ಗೆ ನಾನು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಆದ್ದರಿಂದ ನಿಮ್ಮದೇ ಖರ್ಚಿನಲ್ಲಿ ಕಾರ್ಪೆಟ್ ಎತ್ತಿ, ಸಡಿಲವಾದ ಪ್ರತಿ ಹಲಗೆಯನ್ನೂ ತೊಲೆಗೆ ಸ್ಕ್ರೂನಿಂದ ಬಿಗಿಯಬೇಕು. ಮೊಳೆ ಹೊಡೆದು ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ಹಲಗೆ ಒಂದು ಇಂಚು ದಪ್ಪವಿದೆ, ಎರಡೂವರೆ ಇಂಚಿನ ಸ್ಕ್ರೂ ಬೇಕು. ಹಳೆಯ ಗಟ್ಟಿ ಮರವಾದ್ದರಿಂದ ಮೊದಲು ಸಣ್ಣ ತೂತು ಕೊರೆಯದಿದ್ದರೆ ಹಲಗೆ ಸೀಳುತ್ತದೆ. ಸ್ಕ್ರೂ ತಲೆ ಮರದೊಳಗೆ ಇಳಿದು ಕೂರಬೇಕು. ಎದ್ದ ಮೊಳೆಗಳನ್ನು ಕಿತ್ತು ತೆಗೆಯಬೇಕು. ಕೆಳಗಿನ ಕೋಣೆಗೆ ಸೀಲಿಂಗ್ ಇಲ್ಲ, ತೊಲೆಗಳು ಕಣ್ಣಿಗೆ ಕಾಣುತ್ತವೆ. ಹಲಗೆ ಮತ್ತು ತೊಲೆಯ ನಡುವೆ ಸಂದಿ ಇರುವಲ್ಲಿ ಕೆಳಗಿನಿಂದ ಅಂಟು ಹಚ್ಚಿದ ತೆಳು ಬೆಣೆ ಕೂರಿಸಬಹುದು. ಬೆಣೆಯನ್ನು ಬಲವಾಗಿ ಬಡಿದರೆ ಹಲಗೆಯೇ ಮೇಲೆದ್ದು ಹೊಸ ಸದ್ದು ಶುರುವಾಗುತ್ತದೆ, ಎಚ್ಚರವಿರಲಿ. ಎರಡನೆಯ ತೊಲೆಯ ಪಕ್ಕದಲ್ಲಿ ವಿದ್ಯುತ್ ತಂತಿ ಹೋಗಿದೆ, ಅದನ್ನು ನೋಡಿಕೊಂಡೇ ಕೊರೆಯಬೇಕು.

ಮಳೆ ಹಿಡಿಯುವ ಮೊದಲೇ, ಅಂದರೆ ಏಪ್ರಿಲ್ ಮುಗಿಯುವುದರೊಳಗೆ ಈ ಕೆಲಸ ಆಗಬೇಕು. ಮರ ಪೂರ್ತಿ ಒಣಗಿರುವಾಗ ಮಾತ್ರ ಎಲ್ಲಿ ಸಡಿಲವಿದೆ ಎಂಬುದು ಖಚಿತವಾಗಿ ತಿಳಿಯುತ್ತದೆ. ಮತ್ತೆ ಹಾಸುವ ಮುನ್ನ ಬರಿಯ ಹಲಗೆಯ ಮೇಲೆ ನಡೆದು ನೋಡುತ್ತೇನೆ. ಕೆಳಗೆ ತಂದೆಯವರು ಕುಳಿತು ಕೇಳಿಸಿಕೊಳ್ಳುತ್ತಾರೆ. ಅವರು ಸರಿ ಎಂದ ಮೇಲೆಯೇ ಕಾರ್ಪೆಟ್ ಹಾಸಬೇಕು. ಸವೆದ ಭಾಗವನ್ನು ಬದಲಿಸಿಕೊಡಬೇಕು.

ಇದು ನಿಮ್ಮಿಂದಾಗದಿದ್ದರೆ ಹಲಗೆ ಕೆಲಸಕ್ಕೆ ಪಡೆದ ಹಣವನ್ನೂ ಕಾರ್ಪೆಟ್ ಎತ್ತಿ ಮತ್ತೆ ಹಾಸುವ ವೆಚ್ಚವನ್ನೂ ಕೊಡಿ. ಊರಿನ ಬಡಗಿಯಿಂದ ನಾನೇ ಮಾಡಿಸಿಕೊಳ್ಳುತ್ತೇನೆ. ಈ ಪತ್ರ ತಲುಪಿದ ಹದಿನೈದು ದಿನಗಳಲ್ಲಿ ಲಿಖಿತ ಉತ್ತರ ಬರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಅಂದಾಜುಪಟ್ಟಿ, ಬಿಲ್ಲು ಮತ್ತು ಫೋಟೋಗಳ ಮೂಲ ಪ್ರತಿ ನನ್ನ ಬಳಿ ಇವೆ.

ಕೆಲಸಗಾರರನ್ನು ಕಳುಹಿಸುವ ಹಿಂದಿನ ದಿನ ಫೋನ್ ಮಾಡಿ ತಿಳಿಸಿ. ಮಂಚ, ಬೀರುಗಳನ್ನು ತೆರವು ಮಾಡಿಸಿಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಅಂದಾಜುಪಟ್ಟಿ, ಬಿಲ್ಲಿನ ನಕಲು, ಫೋಟೋಗಳು